ನಾದಿನಿಯ ಕಾಲು, ನನ್ನ ಕಾರ್ಡು

ಬಾಣಂತಿ ಖಾರಕ್ಕೆಂದು ಮೆಣಸು ಹುರಿಯುತ್ತಿದ್ದೆ. ಆಚೆ ಈಚೆ ನೋಡುತ್ತಾ ಮಾಡುವ ಕೆಲಸವಲ್ಲ ಅದು. ಒಂದು ಗಳಿಗೆ ಮೈಮರೆತರೆ ಇಡೀ ಬಾಣಲೆ ಕಹಿ. ಮಗಳು ಭವ್ಯಳಿಗೆ ಚೊಚ್ಚಲ ಹೆರಿಗೆ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ ಎಂದು ಡಾಕ್ಟರು ಮಾರನೆಯ ದಿನ, ಶುಕ್ರವಾರಕ್ಕೆ, ಆಪರೇಷನ್ ಗೊತ್ತು ಮಾಡಿದ್ದರು. ಶುಕ್ರವಾರ ಲಕ್ಷ್ಮಿಯ ವಾರ. ಅಷ್ಟರಮಟ್ಟಿಗೆ ದೇವರು ನಮ್ಮ ಕಡೆ ಇದ್ದಾನೆ ಎಂದುಕೊಂಡಿದ್ದೆ.

"ಅಮ್ಮ, ಥಿಯೇಟರ್ ಬಾಗ್ಲವರ್ಗೂ ನೀನೇ ನನ್ ಕೈ ಹಿಡ್ಕೊಂಡಿರ್ಬೇಕು. ಬೇರೆ ಯಾರೂ ಬೇಡ," ಎಂದಿದ್ದಳು ಭವ್ಯ. ನಾನು ದೇವರ ಮನೆಯಲ್ಲಿ ದೀಪದ ಮುಂದೆ ನಿಂತು ಮಾತು ಕೊಟ್ಟಿದ್ದೆ. ಹಿಡಿಯಬೇಕಾದದ್ದು ಒಂದು ಕೈ. ಇದರಲ್ಲಿ ಕೆಡುವಂಥದ್ದು ಏನಿದೆ?

ಆಗ ಫೋನು ಬಂತು.

"ರತ್ನಮ್ಮ ಅವರಾ? ಆಸ್ಪತ್ರೆಯಿಂದ ಮಾತಾಡ್ತಿದೀನಿ, ಸೋಂಕು ನಿಯಂತ್ರಣದ ಸಿಸ್ಟರ್. ನಿಮ್ಮ ಕಾಲಿನ ಗಾಯ ಹೇಗಿದೆ?"

ನನ್ನ ಕಾಲಿನಲ್ಲಿ ಗಾಯವಿರಲಿಲ್ಲ. ಆದರೆ ಗಾಯ ಹೇಗಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು!

ಇದಕ್ಕೆ ಕಾರಣವಾದ ವಸ್ತುವನ್ನು ಇಲ್ಲಿ ಪರಿಚಯಿಸಬೇಕು. ಅದು ನನ್ನ ಆಸ್ಪತ್ರೆ ಕಾರ್ಡು. ಹಿಂದೊಮ್ಮೆ ನನಗೆ ಬಿಡದೆ ಕೆಮ್ಮು ಬಂದಾಗ ಮಾಡಿಸಿದ್ದು. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಅದರ ಜಾಗ ದೇವರ ಮನೆ, ಲಕ್ಷ್ಮಿಯ ಫೋಟೋದ ಹಿಂದೆ. ಆಯುಧಪೂಜೆಯಲ್ಲಿ ಈಳಿಗೆಮಣೆ, ಸ್ಕೂಟರುಗಳ ಜೊತೆ ಅದಕ್ಕೂ ಕುಂಕುಮ ಇಟ್ಟಿದ್ದೇನೆ. ಆ ಆಸ್ಪತ್ರೆಯಲ್ಲಿ ಹೊಸಬರು ಹೆಸರು ಬರೆಸುವ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿರುತ್ತದೆ. ಕಾರ್ಡು ಇರುವವರು ಪಕ್ಕದ ಕಿಟಕಿಗೆ ಹೋಗಿ ನಂಬರು ತೋರಿಸಿದರೆ ಸಾಕು, ನೇರ ಡಾಕ್ಟರ ಬಳಿಗೆ.

ನಮ್ಮ ಬಂಧುಬಳಗದಲ್ಲಿ ಶಾವಿಗೆ ಒರಳು ಇರುವುದು ಒಂದೇ. ಅದು ಗುಬ್ಬಿಯಿಂದ ಅಮೃತೂರಿಗೆ, ಅಮೃತೂರಿನಿಂದ ನಮ್ಮ ಮನೆಗೆ ಸುತ್ತುತ್ತಲೇ ಇರುತ್ತದೆ. "ಇದು ನಮ್ಮದು, ಕೊಡಲ್ಲ" ಎಂದವರನ್ನು ನಾನು ಕಂಡಿಲ್ಲ. ಕಾರ್ಡನ್ನೂ ಹಾಗೆಯೇ ಕೊಟ್ಟೆ. ತುಮಕೂರಿಗೆ ಆಸ್ಪತ್ರೆಗೆಂದು ಬಂದ ನೆಂಟರಿಗೆ ಕಾಫಿ ಕೊಟ್ಟೆ, ತಿಂಡಿ ಕೊಟ್ಟೆ, ಕಾರ್ಡು ಕೊಟ್ಟೆ. ಅಮೃತೂರಿನ ಚಿಕ್ಕತ್ತೆ ಉರಿಮೂತ್ರಕ್ಕೆ ತೆಗೆದುಕೊಂಡು ಹೋದರು. ಅದೇ ಊರಿನ ನಮ್ಮ ಭಾವ ಏನೋ ರಕ್ತ ಪರೀಕ್ಷೆಗೆ ಒಯ್ದು, "ಅಮ್ಮಯ್ಯ, ಇದನ್ನ ನಿಮ್ಮಕ್ಕಂಗೆ ಹೇಳ್ಬ್ಯಾಡ" ಎಂದು ಕೈಮುಗಿದು ವಾಪಸು ಕೊಟ್ಟರು. ನಾನು ಯಾರಿಗೂ ಹೇಳಲಿಲ್ಲ. ಕಡೆಯದಾಗಿ ಬಂದವಳು ನನ್ನ ನಾದಿನಿ, ಗುಬ್ಬಿಯ ಜಯ. ತೋಟದಲ್ಲಿ ತೆಂಗಿನ ಗರಿಯ ಸೀಳು ಅಂಗಾಲಿಗೆ ಹೊಕ್ಕು ಕೀವು ತುಂಬಿತ್ತು.

"ಜಯ, ಕಾರ್ಡಲ್ಲಿ ನನ್ನೆಸ್ರು ಐತಲ್ಲೇ?" ಎಂದು ಅವತ್ತು ನಾನೂ ಒಂದು ಮಾತು ಕೇಳಿದ್ದೆ.

"ಹೆಸ್ರು ನಿಮ್ದೇ ಇರ್ಲಿ ಬುಡಿ ಅತ್ತಿಗೆ. ಅವ್ರು ಕುಯ್ಯೋದು ಕಾಲ್ನ ತಾನೆ? ಕಾಲು ನಂದೇ ತಗೊಂಡ್ ಹೋಗ್ತೀನಿ!"

ವಾದ ಸರಿಯಾಗಿಯೇ ಕಂಡಿತು. ಅವಳು ರತ್ನಮ್ಮನಾಗಿ ಒಳಗೆ ಹೋಗಿ, ಕಾಲು ಕುಯ್ಯಿಸಿಕೊಂಡು, ನಮ್ಮ ಮನೆಯಲ್ಲಿ ಸುಧಾರಿಸಿಕೊಂಡು, ಜಯಮ್ಮನಾಗಿ ಗುಬ್ಬಿ ಬಸ್ಸು ಹತ್ತಿದಳು.

ಈಗ ಆ ಕಾಲಿನ ಯೋಗಕ್ಷೇಮವನ್ನು ನನ್ನ ಫೋನಿಗೆ ವಿಚಾರಿಸುತ್ತಿದ್ದಾರೆ. ಸಿಸ್ಟರಿಗೆ ಸುಳ್ಳು ಹೇಳಬಾರದು. ಗುರುವಾರ ಬೇರೆ, ರಾಯರ ವಾರ. ಜಯನ ಮರ್ಯಾದೆಯನ್ನೂ ಕಳೆಯಬಾರದು. ಹಾಗಾಗಿ ಯಾರ ಗಾಯ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಸತ್ಯವಾಗಿ ಹೇಳಲು ತೀರ್ಮಾನಿಸಿದೆ.

"ಇನ್ನೂ ಕೀವು ಬರ್ತಿದೆಯಾ?"

"ಬರ್ತಿದೆ ಸಿಸ್ಟರ್. ಬಟ್ಟೆ ಕಟ್ಟಿದ್ರೂ ಒದ್ದೆ ಆಗುತ್ತೆ." ಹಿಂದಿನ ದಿನವಷ್ಟೇ ಜಯ ಫೋನಿನಲ್ಲಿ ಹೇಳಿದ್ದಳು.

"ಜ್ವರ?"

"ಮೈ ಬಿಸಿ ಐತಂತೆ. ಅಲ್ಲ, ಇದೆ!"

"ಮಾತ್ರೆ ಬದಲಾಯಿಸ್ಬೇಕು, ಬನ್ನಿ ಅಂತ ನಿಮ್ಮ ಮೊಬೈಲಿಗೆ ಮೆಸೇಜು ಹಾಕಿದ್ವಲ್ಲ, ಯಾಕೆ ಬರ್ಲಿಲ್ಲ?"

ಇಂಗ್ಲಿಷಿನಲ್ಲಿ ಉದ್ದವಾಗಿ ಬಂದಿತ್ತು. ಸೈಟು ಮಾರುವವರ ಮೆಸೇಜು ಎಂದು ಅಳಿಸಿ ಹಾಕಿದ್ದೆ.

"ನಾಳೆ ಹೇಗೂ ಬರ್ತೀನಿ ಸಿಸ್ಟರ್," ಎಂದೆ, ಅವರಿಗೆ ಸಮಾಧಾನವಾಗಲಿ ಎಂದು. "ನಮ್ಮ ಮಗಳದು ನಿಮ್ಮಲ್ಲೇ ಹೆರಿಗೆ. ನಾನೇ ಜೊತೇಲಿರೋದು. ಮಗೂನ ಮೊದ್ಲು ಎತ್ಕೊಳೋದೂ ನಾನೇ!"

ಆ ಕಡೆ ಟಕಟಕ ಎಂದು ಏನನ್ನೋ ಒತ್ತಿದ ಸದ್ದು. ಎಷ್ಟು ಶ್ರದ್ಧೆಯ ಹೆಣ್ಣುಮಗಳು ಎಂದುಕೊಂಡು ಮನಸ್ಸಿನಲ್ಲೇ ಹರಸಿದೆ. ಅಷ್ಟರಲ್ಲಿ ಮೂಗಿಗೆ ಘಾಟು ಬಡಿಯಿತು. ಮೆಣಸು ಕರಕಲಾಗಿತ್ತು. ಮನೆಗೆ ಬೆಂಕಿ ಬೀಳಲಿಲ್ಲವಲ್ಲ, ದೇವರು ದೊಡ್ಡವನು.

ಶುಕ್ರವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ, ಮಗಳಿಗೆ ಕುಂಕುಮವಿಟ್ಟು, ನಮ್ಮನೆಯವರ ಜೊತೆ ಆಟೋ ಹತ್ತಿದೆ. ನಮ್ಮನೆಯವರು ವಸಂತನರಸಾಪುರದ ಫ್ಯಾಕ್ಟರಿಗೆ ರಜೆ ಹಾಕಿದ್ದರು. ಅಳಿಯ ಮತ್ತು ಅವನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಕುಣಿಗಲ್ಲಿನಿಂದ ಕಾರಿನಲ್ಲಿ ಹೊರಟಿದ್ದರು. ಭವ್ಯಳನ್ನು ಒಳಗೆ ಕರೆದುಕೊಂಡು ಹೋದರು. ಹೆರಿಗೆ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ಜೊತೆಗಿರುವ ಹೆಂಗಸಿಗೆ ಒಂದು ಪಾಸು ಕೊಡುತ್ತಾರೆ.

"ಹೆಸರು ಹೇಳಿ," ಎಂದಳು ಪಾಸಿನ ಕಿಟಕಿಯ ಹುಡುಗಿ. ಕೇಳಿದ್ದು ಹೆಸರೊಂದೇ. ಹೇಳಿ ಸುಮ್ಮನಿರಬಹುದಿತ್ತು. ಆದರೆ ನಾನು ಹಳೆಯ ಪೇಷೆಂಟು, ಸಾಲಿನಲ್ಲಿರುವ ಹೊಸಬರಿಗೂ ಅದು ತಿಳಿಯಬೇಡವೇ? ಸೆರಗಿನ ಗಂಟಿನಿಂದ ಕಾರ್ಡು ಬಿಚ್ಚಿ, ಅಂಟಿದ್ದ ಕುಂಕುಮ ಒರೆಸಿ, ಕೇಳದಿದ್ದರೂ ಕೊಟ್ಟೆ!

ಹುಡುಗಿ ನಂಬರು ಒತ್ತಿದಳು. ಅವಳ ಮುಖದ ಮೇಲೆ ಕೆಂಪು ಬೆಳಕು ಬಿತ್ತು. ಅವಳು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಐದು ನಿಮಿಷದಲ್ಲಿ ನಾನು ಕಾರಿಡಾರಿನ ತುದಿಯ ಗಾಜಿನ ಬಾಗಿಲಿನ ಕೋಣೆಯಲ್ಲಿದ್ದೆ. ಮೈಮೇಲೆ ನೀಲಿ ನಿಲುವಂಗಿ, ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಕೈಗೆ ರಬ್ಬರು ಗವಸು. ಎದುರಿಗೆ ಫೋನಿನಲ್ಲಿ ಮಾತಾಡಿದ್ದ ಸಿಸ್ಟರು. ಸಣಕಲು ಮೈ, ದೊಡ್ಡ ಕಣ್ಣು. ಈಗ ಯಾರ ಗಾಯದಲ್ಲಿ ಕೀವು, ಯಾರಿಗೆ ಆಪರೇಷನ್ ಆದಮೇಲೆ ಜ್ವರ, ಯಾರ ಮೈಯಲ್ಲಿ ಮಾಮೂಲಿ ಔಷಧಕ್ಕೆ ಬಗ್ಗದ ಕ್ರಿಮಿ ಎಂಬುದನ್ನೆಲ್ಲ ಕಂಪ್ಯೂಟರೇ ದಾಖಲೆಗಳಿಂದ ಜರಡಿ ಹಿಡಿದು ತೆಗೆಯುತ್ತದಂತೆ. ನನ್ನ ನಂಬರಿನಲ್ಲಿ ಅಂಥ ಹಟಮಾರಿ ಕ್ರಿಮಿ ಸಿಕ್ಕಿದೆಯಂತೆ. ಬಾಣಂತಿ, ಕೂಸುಗಳ ಹತ್ತಿರಕ್ಕೆ ನನ್ನನ್ನು ಬಿಡುವಂತೆಯೇ ಇಲ್ಲವಂತೆ.

"ಕಾಲು ತೋರ್ಸಿ," ಎಂದರು.

ಎಡಗಾಲು ಚಾಚಿದೆ.

"ಬಲಗಾಲು ಅಂತಿದೆ."

ಬಲಗಾಲು ಚಾಚಿದೆ. ಶುಕ್ರವಾರವೆಂದು ಅರಿಶಿನ ಹಚ್ಚಿದ್ದ ಪಾದ. ಬೆಳ್ಳಿಯ ಕಾಲುಂಗುರ. ಗಾಯವೊಂದು ಬಿಟ್ಟು ಎಲ್ಲ ಇತ್ತು.

"ನಿನ್ನೆ ಕೀವು ಬರ್ತಿದೆ ಅಂದ್ರಲ್ಲಮ್ಮ?"

"ಮಾಗೋಯ್ತು ಸಿಸ್ಟರ್."

"ಒಂದೇ ರಾತ್ರೀಲಾ? ಕಲೆ ಕೂಡ ಇಲ್ದಂಗೆ?"

"ದೇವ್ರು ಮನಸ್ಸು ಮಾಡಿದ್ರೆ ಏನ್ ಬೇಕಾದ್ರೂ ಆಗುತ್ತೆ," ಎಂದೆ. ದೇವರನ್ನು ಇಂಥ ಕೆಲಸಕ್ಕೆ ಎಳೆದು ತಂದದ್ದಕ್ಕೆ ಒಳಗೊಳಗೇ ಕೆನ್ನೆ ಬಡಿದುಕೊಂಡೆ.

ಸಿಸ್ಟರು ಡಾಕ್ಟರನ್ನು ಕರೆತಂದರು. ಅವರು ಕಂಪ್ಯೂಟರ್ ಮುಂದೆ ಕೂತು ನನ್ನ ಚರಿತ್ರೆಯನ್ನು ಓದತೊಡಗಿದರು. ಕೆಮ್ಮು. ಉರಿಮೂತ್ರ. ಅಂಗಾಲಿನಲ್ಲಿ ಕೀವು. ಆಮೇಲೆ ಒಂದು ಕಡೆ ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಏನಮ್ಮ, ನೀವು ಪ್ರಾಸ್ಟೇಟ್ ಗ್ರಂಥಿ ಪರೀಕ್ಷೆ ಮಾಡಿಸ್ಕೊಂಡಿದೀರಾ?"

"ಇರ್ಬೋದು ಸಾರ್."

"ಅದು ಗಂಡಸರಿಗೆ ಮಾತ್ರ ಇರೋದು!"

ಭಾವನ ಮುಗಿದ ಕೈಗಳು ಕಣ್ಣ ಮುಂದೆ ಬಂದವು. ಮಾಸ್ಕು ಇದ್ದದ್ದು ಒಳ್ಳೆಯದಾಯಿತು. ಡಾಕ್ಟರು ಸಿಸ್ಟರ ಮುಖ ನೋಡಿದರು. ಇಬ್ಬರೂ ಪಕ್ಕದ ಕೋಣೆಗೆ ಹೋಗಿ ಪಿಸಪಿಸ ಮಾತಾಡತೊಡಗಿದರು.

ಅಷ್ಟರಲ್ಲಿ ನಮ್ಮನೆಯವರು ಬಂದು ಗಾಜು ತಟ್ಟಿದರು.

"ಲೇ, ಏನೇ ಇದು ವೇಷ?"

"ನಂಗೆ ಸೋಂಕಂತೆ ಕಣ್ರೀ."

"ಯಾವಾಗ್ನಿಂದ?"

"ಜಯನ ಕಾಲಿಗೆ ಸೀಳು ಚುಚ್ಚಿದಾಗ್ನಿಂದ!"

ಅವರು ತಲೆ ಕೆರೆದುಕೊಂಡರು. ಆಮೇಲೆ ಬಹಳ ಜಾಣತನದ ಕೆಲಸ ಮಾಡಿದವರ ಹಾಗೆ, "ನೀನೇನ್ ಯೋಚ್ನೆ ಮಾಡ್ಬೇಡ. ನಿನ್ನ ಒಳಗ್ ಬಿಡಲ್ಲ ಅಂದ ತಕ್ಷಣ ಫೋನ್ ಮಾಡ್ದೆ. ಭವ್ಯನ ಕೈ ಹಿಡ್ಕೊಳಕ್ಕೆ ಜಯನೇ ಬರ್ತಾವ್ಳೆ. ಪ್ರಸಾದ ಹಿಡ್ಕೊಂಡು ಆಗ್ಲೇ ಹೊರಟಿದ್ಳಂತೆ, ಗುಬ್ಬಿ ಬಸ್ ಇಳಿದವ್ಳೆ, ಬಂದೇಬಿಟ್ಳು," ಎಂದರು.

ಎದ್ದು ಗಾಜಿಗೆ ಎರಡೂ ಕೈ ಬಡಿದೆ.

"ಏನ್ರೀ ನೀವು! ಆ ಗಾಯ ಜಯಂದೇ ಅಲ್ವೇನ್ರೀ?"

"ಕಾರ್ಡು ನಿಂದಲ್ವಾ?"

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆದರೂ ಈ ಮನುಷ್ಯನಿಗೆ ಉತ್ತರ ಕೊಡುವುದು ಇನ್ನೂ ಕಲಿತಿಲ್ಲ. ಅವರ ಭುಜದಾಚೆ ನೋಡಿದೆ. ಪಾಸಿನ ಕಿಟಕಿಯಲ್ಲಿ ನನ್ನ ನಾದಿನಿ ನಿಂತಿದ್ದಳು. ಕೈಯಲ್ಲಿ ಗೋಸಲ ಚನ್ನಬಸವೇಶ್ವರನ ಪ್ರಸಾದ, ಬಲಗಾಲಿಗೆ ಹಳೆಯ ಪಂಚೆಯ ಪಟ್ಟಿ, ಪಟ್ಟಿಯ ಮೇಲೆ ಹಳದಿ ಒದ್ದೆ.

"ಹೆಸ್ರು ಜಯಮ್ಮ. ಗುಬ್ಬಿ. ಈ ಆಸ್ಪತ್ರೆಗೆ ಇದೇ ಮೊದ್ಲು ಬರ್ತಿರೋದು ಕಣಮ್ಮ!"

ಕಂಪ್ಯೂಟರು ಹುಡುಕಿತು. ಜಯಮ್ಮನ ಹೆಸರಿನಲ್ಲಿ ಒಂದು ಸೀನೂ ಇರಲಿಲ್ಲ. ಹುಡುಗಿ ನಗುನಗುತ್ತಾ ಪಾಸು ಕೊಟ್ಟಳು. ನನ್ನ ನಾದಿನಿ ಅದನ್ನು ಕೊರಳಿಗೆ ಹಾಕಿಕೊಂಡು, ಕುಂಟುತ್ತಾ, ನನ್ನ ಮಗಳ ವಾರ್ಡಿನ ಕಡೆ ನಡೆದಳು.

ಆ ಕ್ಷಣ ನನಗೆ ಜಯನ ಮರ್ಯಾದೆಯೂ ಕಾಣಲಿಲ್ಲ, ಭಾವನ ಗುಟ್ಟೂ ಕಾಣಲಿಲ್ಲ. ಇನ್ನೂ ಹುಟ್ಟದ ಒಂದು ಕೂಸು ಕಂಡಿತು. ಬಾಗಿಲು ನೂಕಿಕೊಂಡು ನಿಲುವಂಗಿಯಲ್ಲೇ ಓಡಿದೆ.

"ಹಿಡ್ಕೊಳ್ರೀ ಅವಳ್ನ! ಆ ಕಾಲು ನಂದು! ಆ ಕಾಲು ನಂದು!"

ಇಡೀ ಕಾರಿಡಾರು ತಿರುಗಿ ನೋಡಿತು. ಕಾವಲಿನವರು ಧಾವಿಸಿ ಬಂದು ಹಿಡಿದರು. ನನ್ನನ್ನು! ಕೆಂಪು ಬೆಳಕಿನವಳು ನಾನೇ ತಾನೆ?

"ಅಯ್ಯೋ, ನಾನಲ್ಲಪ್ಪ! ಅವಳು! ಕಾರ್ಡು ನಂದು, ಕಾಲು ಅವಳ್ದು!"

ಸಿಸ್ಟರು ಓಡಿ ಬಂದರು. ಅವರಿಗೆ ಒಂದೇ ಮಾತು ಸಾಕಾಯಿತು. ಜಯನನ್ನು ವಾರ್ಡಿನ ಬಾಗಿಲಲ್ಲೇ ತಡೆದು, ಬೆಂಚಿನ ಮೇಲೆ ಕೂರಿಸಿ, ಪಟ್ಟಿ ಬಿಚ್ಚಿ ನೋಡಿದರು. ನೋಡಿ ಉಸಿರೆಳೆದುಕೊಂಡರು. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಜಯ ನನ್ನ ಮಗಳ ಮಂಚದ ಮೇಲೆ ಕೂತಿರುತ್ತಿದ್ದಳು.

"ಅತ್ತಿಗೆ! ನಾಕ್ ಜನದ್ ಮುಂದೆ ನನ್ ಮಾನ ತೆಗುದ್ರಲ್ಲ!" ಎಂದು ಜಯ ಗೊಳೋ ಎಂದಳು. "ನಾನೇನ್ ನಿಮ್ ಕಾರ್ಡ್ ಕದ್ದಿದ್ನಾ? ಕೊಟ್ಟೋರು ನೀವು ತಾನೆ?"

"ನಾನೇ ಕಣೇ. ನಾನೇ ಕೊಟ್ಟೆ. ಕಾಫಿ ಜೊತೇಲಿ ಕೊಟ್ಟೆ."

ಜಯನನ್ನು ಚಿಕಿತ್ಸೆಗೆ ಕರೆದೊಯ್ದರು. ನಾನು ಬದುಕಿದೆ, ಇನ್ನು ಮಗಳ ಹತ್ತಿರ ಹೋಗಬಹುದು ಎಂದು ನಿಲುವಂಗಿಯ ದಾರಕ್ಕೆ ಕೈ ಹಾಕಿದೆ.

"ಎಲ್ಲಿಗೆ?" ಎಂದರು ಸಿಸ್ಟರು. "ಈ ಗಾಯದ ಬಟ್ಟೆ ಒಗೆದವರು ಯಾರು?"

ಜಯ ಕಾಲು ಕುಯ್ಯಿಸಿಕೊಂಡ ಮೇಲೆ ನಮ್ಮ ಮನೆಯಲ್ಲಿ ಎರಡು ದಿನ ಇದ್ದಳು. ಒಗೆದವಳು ನಾನೇ. ಬರಿಗೈಯಲ್ಲಿ. ಇನ್ನೊಂದು ಸುಳ್ಳು ಹೇಳಬಹುದಿತ್ತು. ಆಗಲಿಲ್ಲ, ಇದ್ದದ್ದು ಹೇಳಿಬಿಟ್ಟೆ.

"ಹಾಗಾದ್ರೆ ನಿಮ್ಮ ಮೂಗಿನಿಂದ ಸ್ವಾಬ್ ತೆಗೆದು ಪರೀಕ್ಷೆಗೆ ಕಳಿಸ್ಬೇಕು. ರಿಪೋರ್ಟ್ ಬರೋವರ್ಗೂ ಒಳಗೆ ಬಿಡಲ್ಲ. ಇಲ್ಲೇ ಕೂತ್ಕೊಳ್ಳಿ."

ಮತ್ತೆ ಗಾಜಿನ ಕೋಣೆ. ಆಗಲೇ ಕುಣಿಗಲ್ಲಿನ ಕಾರು ಬಂತು. ನಮ್ಮ ಬೀಗಿತ್ತಿ ಪಾಸಿನ ಕಿಟಕಿಯಲ್ಲಿ, "ನಂಗೆ ಕಾರ್ಡೂ ಇಲ್ಲ, ಕಾಯ್ಲೇನೂ ಇಲ್ಲ," ಎಂದು ಘೋಷಿಸಿ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಭವ್ಯಳನ್ನು ತಳ್ಳುಮಂಚದಲ್ಲಿ ಕರೆತಂದರು. ಬೀಗಿತ್ತಿ ಅವಳ ಕೈ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದರು. ಮಗಳು ಕತ್ತೆತ್ತಿ ಆ ಕಡೆ ಈ ಕಡೆ ಹುಡುಕುತ್ತಿದ್ದಳು. "ಅಮ್ಮ ಎಲ್ಲಿ?" ಎಂದದ್ದು ಗಾಜಿನ ಈಚೆಗೆ ಕೇಳಲಿಲ್ಲ, ತುಟಿಯಲ್ಲಿ ಕಂಡಿತು. ನಾನು ಎರಡೂ ಕೈ ಎತ್ತಿ ಬೀಸಿದೆ. ಅವಳು ನನ್ನ ಕಡೆ ನೋಡಿದಳು. ಟೋಪಿ, ಮಾಸ್ಕು, ನೀಲಿ ನಿಲುವಂಗಿ. ಯಾರೋ ಆಸ್ಪತ್ರೆಯವರು ಎಂದುಕೊಂಡು ಮುಖ ತಿರುಗಿಸಿ ಮತ್ತೆ ಹುಡುಕತೊಡಗಿದಳು.

ಬಾಗಿಲು ಮುಚ್ಚಿತು.

ದೀಪದ ಮುಂದೆ ಕೊಟ್ಟ ಮಾತು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ತಪ್ಪಿದೆ. ಮಾಸ್ಕಿನ ಒಳಗೆ ಅತ್ತರೆ ಒರೆಸಿಕೊಳ್ಳಲೂ ಆಗುವುದಿಲ್ಲ ಎಂದು ಅವತ್ತು ತಿಳಿಯಿತು.

ಸಿಸ್ಟರು ಒಂದು ಲೋಟ ನೀರು ತಂದುಕೊಟ್ಟು, ಕಂಪ್ಯೂಟರ್ ಮುಂದೆ ಕೂರಿಸಿಕೊಂಡು, ನನ್ನ ನಂಬರಿನಲ್ಲಿದ್ದ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ಕಳಿಸತೊಡಗಿದರು.

"ಈ ಕೆಮ್ಮು?"

"ನಂದು."

"ಉರಿಮೂತ್ರ?"

"ನಮ್ಮ ಚಿಕ್ಕತ್ತೆದು."

"ಈ ಗ್ರಂಥಿ?"

"ಅದನ್ನ ಹೇಳಂಗಿಲ್ಲ ಸಿಸ್ಟರ್. ಆದ್ರೆ ನಂದಲ್ಲ."

ಸಿಸ್ಟರ ತುಟಿ ಒಂದು ಕ್ಷಣ ನಗುವಿಗೆ ಅರಳಿ ಮತ್ತೆ ಮುಚ್ಚಿತು. "ನಗೋ ವಿಷಯ ಅಲ್ಲಮ್ಮ ಇದು. ಒಬ್ಬ ಪೇಷೆಂಟಿಗೇ ಮೇಲಿಂದ ಮೇಲೆ ಸೋಂಕು ಅಂತ ಕಂಪ್ಯೂಟರ್ ತೋರಿಸ್ತು. ತಪ್ಪು ನಮ್ಮಲ್ಲೇ ಇರ್ಬೇಕು ಅಂತ ಥಿಯೇಟರ್ ಮುಚ್ಚಿ ತೊಳೆಸಿದ್ವಿ. ಅವತ್ತು ಪಕ್ಕದ ಬೆಡ್ಡಲ್ಲಿದ್ದೋರನ್ನೆಲ್ಲ ವಾಪಸ್ ಕರೆಸಿ ಪರೀಕ್ಷೆ ಮಾಡಿದ್ವಿ. ಕಂಪ್ಯೂಟರ್‌ಗೆ ನಾವು ಹೇಳಿದ್ದಷ್ಟೇ ಗೊತ್ತಾಗೋದು. ರತ್ನಮ್ಮ ಅಂದ್ರೆ ರತ್ನಮ್ಮ. ನಾಳೆ ನಿಮಗೇ ಏನಾದ್ರೂ ಆಗಿ ಪ್ರಜ್ಞೆ ಇಲ್ದೆ ಬಂದ್ರೆ, ಇದನ್ನ ನಂಬಿ ನಿಮಗೆ ಯಾರ ರಕ್ತ ಕೊಡೋದು?"

ನಾನು ತಲೆ ತಗ್ಗಿಸಿದೆ. ಗುರುತೂ ಇಲ್ಲದ ಯಾರು ಯಾರೋ, ಕುಯ್ದ ಗಾಯ ಇಟ್ಟುಕೊಂಡು, ನನ್ನ ಅತಿಥಿಸತ್ಕಾರದಿಂದಾಗಿ ಮತ್ತೆ ಬಸ್ಸು ಹತ್ತಿ ಬಂದಿದ್ದರು. ಎಲ್ಲ ಕಳೆದ ಮೇಲೆ ಪರದೆಯ ಮೇಲೆ ನನ್ನದೆಂದು ಉಳಿದದ್ದು ಒಂದೇ ಒಂದು ಕೆಮ್ಮು. ಅಷ್ಟು ರೋಗಗಳ ನಡುವೆ ದೇವರು ನನಗೆ ಇಟ್ಟಿದ್ದು ಅಷ್ಟೇ. ಅದಕ್ಕೂ ಒಂದು ಸಲ ಕೈಮುಗಿದೆ.

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಮೊದಲು ಎತ್ತಿಕೊಂಡವರು ಬೀಗಿತ್ತಿ. ನನಗೆ ತೋರಿಸಲೆಂದು ವಿಡಿಯೋ ಕಾಲ್ ಮಾಡಿದರು. ಮೊದಲು ಫ್ಯಾನು ಕಂಡಿತು. ಆಮೇಲೆ ಬೀಗಿತ್ತಿಯ ಮೂಗು ಬಹಳ ಹೊತ್ತು ಕಂಡಿತು. ಕೊನೆಗೆ ಬಿಳಿ ಬಟ್ಟೆಯ ಒಂದು ಗಂಟು ಕಂಡು, ಕಾಲ್ ಕಟ್ಟಾಯಿತು.

ನನ್ನ ಮೂಗಿನ ರಿಪೋರ್ಟು ಬಂದದ್ದು ಮಗಳನ್ನು ಮನೆಗೆ ಕಳಿಸುವ ದಿನ. ಏನೂ ಇರಲಿಲ್ಲ. ಸಿಸ್ಟರು ಖುದ್ದಾಗಿ ಕಂಪ್ಯೂಟರಿನಲ್ಲಿ ಹಸಿರು ಮಾಡಿ ತೋರಿಸಿದರು. ಜಯನಿಗೆ ಅವಳದೇ ಹೆಸರಿನ ಕಾರ್ಡಾಗಿ, ಸರಿಯಾದ ಔಷಧ ಬಿದ್ದು, ಜ್ವರ ಇಳಿದಿತ್ತು. ಅವಳ ಕಾಲು ಉಳಿಯಿತು. ಮಾತು ಮಾತ್ರ ನನ್ನೊಂದಿಗೆ ಇನ್ನೂ ಇಲ್ಲ. ಬಾಣಂತನ ತವರಿನಲ್ಲಿ ಎಂದು ನಾನು ಕೋಣೆಗೆ ಸುಣ್ಣ ಬಳಿಸಿ, ಹಂಡೆ ಬೆಳಗಿ ಇಟ್ಟಿದ್ದೆ.

"ಬ್ಯಾಡಿ ಬೀಗರೇ," ಎಂದರು ಬೀಗಿತ್ತಿ, ಕಾರಿನ ಬಾಗಿಲು ಹಿಡಿದುಕೊಂಡು. "ನಿಮ್ಮನೇಲಿ ಆ ಕ್ರಿಮಿ ಓಡಾಡೈತೆ. ಕುಣಿಗಲ್ಲಿಗೇ ಕರ್ಕೊಂಡ್ ಹೋಗ್ತೀವಿ."

"ರಿಪೋರ್ಟ್ ಬಂದೈತಲ್ಲ, ಏನೂ ಇಲ್ಲ ಅಂತ?"

"ಕಂಪ್ಯೂಟರ್ ಮಾತು ನಂಬಕಾಯ್ತದಾ?"

ಕೆಂಪು ಬಂದಿತ್ತು ಎಂದಾಗ ಕೇಳಿದ ಕೂಡಲೇ ನಂಬಿದ್ದರು. ಹಸಿರು ಬಂದಾಗ ನಂಬಿಕೆ ಹೋಯಿತು! ಸಿಸ್ಟರು ಬಾಯಿ ತೆರೆದರು. ನಾನೇ ಬೇಡವೆಂದು ಸನ್ನೆ ಮಾಡಿದೆ. ನನ್ನ ಮಾತಿಗೆ ಬೆಲೆ ಕೇಳುವ ಮುಖ ನನಗಿರಲಿಲ್ಲ. ಭವ್ಯ ಕಾರಿನೊಳಗಿಂದ ಕೈ ಚಾಚಿದಳು. ಹಿಡಿದುಕೊಂಡೆ. ಕಾರು ಹೊರಡುವವರೆಗೆ ಹಿಡಿದುಕೊಂಡಿದ್ದೆ. ಬಟ್ಟೆಯ ಗಂಟಿನಿಂದ ಮೊಮ್ಮಗಳ ಒಂದು ಕಿವಿ ಹೊರಗಿತ್ತು. ಈವರೆಗೆ ನಾನು ಅವಳಲ್ಲಿ ನೋಡಿರುವುದು ಅದೊಂದೇ. ಒಳ್ಳೆಯ ಕಿವಿ.

ಮೊನ್ನೆ ಭವ್ಯ ಫೋನು ಮಾಡಿ ಪಿಸುಗುಟ್ಟಿದಳು. "ಅಮ್ಮ, ಇಲ್ಲಿನ ಖಾರ ಗಂಟಲಲ್ಲಿ ಇಳಿಯಲ್ಲ ಕಣಮ್ಮ. ನಿನ್ನ ಕೈದೇ ಕಳ್ಸು."

ನನಗೆ ಪ್ರಾಣ ಬಂದ ಹಾಗಾಯಿತು. ತಕ್ಷಣ ಹೊಸ ಮೆಣಸು ತರಿಸಿ, ಈ ಸಲ ಫೋನನ್ನು ಹಜಾರದಲ್ಲಿಟ್ಟು ಬಂದು, ಆಚೆ ಈಚೆ ನೋಡದೆ ಹುರಿದು, ಕುಟ್ಟಿ, ಜರಡಿ ಹಿಡಿದೆ. ಸ್ಟೀಲ್ ಡಬ್ಬಕ್ಕೆ ಇನ್ನೇನು ತುಂಬಬೇಕು, ಹಜಾರದಲ್ಲಿ ಫೋನು ಬಡಿದುಕೊಂಡಿತು. ಬೀಗಿತ್ತಿ.

"ಖಾರ ಕಳಿಸ್ತೀರಂತೆ, ಸಂತೋಷ ಬೀಗರೇ. ಡಬ್ಬ ಒಂದ್ಕಿತ ಕುದಿಯೋ ನೀರಿಗೆ ಹಾಕಿ ತೆಗುದ್ಬುಡಿ. ತಪ್ಪು ತಿಳ್ಕೋಬ್ಯಾಡಿ."

"ಇಲ್ಲ, ಇಲ್ಲ," ಎಂದೆ.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಡಬ್ಬ ಮುಳುಗಿಸಿದೆ. ಮುಚ್ಚಳದ ಮೇಲೆ ನಮ್ಮ ಮದುವೆಯಲ್ಲಿ ಕೊರೆಸಿದ ಹೆಸರಿತ್ತು, ರತ್ನಮ್ಮ ಎಂದು. ಅದನ್ನೂ ಹಾಕಿದೆ. ಎಲ್ಲಕ್ಕಿಂತ ಚೆನ್ನಾಗಿ ಕುದಿಯಬೇಕಾದದ್ದು ಅದೇ.